ಶೇಂಗಾ ಹಾಲಿನ ಕಾಕಾ

ಸೂಜಿ ಕುದಿಸುವ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಿದ್ದ ಹೆಣ್ಣುಮಗಳು ಇಳಕಲ್ಲಿನ ಸೊಸೆ; ಬಾಗಲಕೋಟೆ ಅವಳ ತವರು. ನಾನು ಒಂದು ಕಾಲಕ್ಕೆ ಇಳಕಲ್ಲಿನಲ್ಲಿ ನರ್ಸ್ ಆಗಿದ್ದೆ ಎಂದು ತಿಳಿದದ್ದೇ ತಡ, ಅವಳಿಗೆ ಮಾತು ಬಂತು. ಯಾವ ಓಣಿ, ಯಾರ ಮನೆಯ ಪಕ್ಕ ಎಂದು ಕೇಳುತ್ತ ಕೇಳುತ್ತ, "ಹಂಗಾರ ನಿಮಗ ಶೇಂಗಾ ಹಾಲಿನ ಕಾಕಾ ಗೊತ್ತಿರಬೇಕಲ್ರಿ? ಹ್ವಾದ ತಿಂಗಳ ತೀರಿಕೊಂಡ್ರು ನೋಡ್ರಿ," ಎಂದಳು.

ಚಿಮಟ ಬಿಟ್ಟು ಬರಿಗೈಯಲ್ಲೇ ಮುಚ್ಚಳ ಹಿಡಿದುಬಿಟ್ಟೆ. ಬೆರಳು ಚುರುಗುಟ್ಟಿತು. ಒಳ್ಳೆಯದೇ ಆಯಿತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಓಣಿಯ ಗಂಡಸರು ಚೇಷ್ಟೆಗೆ ಇಟ್ಟ ಹೆಸರು ಅದನ್ನು ನುಂಗಿ ನೀರು ಕುಡಿಯಿತು. ನಾನೂ ಆ ಚೇಷ್ಟೆಯ ಹೆಸರನ್ನೇ ಇಟ್ಟುಕೊಳ್ಳುತ್ತೇನೆ. ಅವರ ಬದುಕಿನ ಕಥೆಯೆಲ್ಲ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದೂವರೆ ವರ್ಷ ಮಾತ್ರ. ಅಷ್ಟರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಅವರೆದುರು ಒಪ್ಪಿಕೊಂಡಿದ್ದೇನೆ, ಬೇರೆ ಯಾರಿಗೂ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ತೈದು. ಬದಾಮಿಯವಳಾದ ನಾನು ನೌಕರಿ ಸಿಕ್ಕಿ ಇಳಕಲ್ಲಿಗೆ ಬಂದು, ನೇಕಾರರ ಓಣಿಯ ತುದಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಬಿಳಿ ಸೀರೆ ಉಟ್ಟು ಓಣಿಯಲ್ಲಿ ನಡೆದರೆ ಮುದುಕರೂ "ಬಾಯಾರು ಬಂದ್ರು" ಎಂದು ಕಟ್ಟೆಯಿಂದ ಕಾಲು ಕೆಳಗಿಳಿಸುತ್ತಿದ್ದರು. ಅದು ನನ್ನ ತಲೆಗೇರಿತ್ತು. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ. ಯಾರು ಏನು ಕೇಳಿದರೂ ಉತ್ತರ ತುದಿನಾಲಗೆಯ ಮೇಲೆ.

ಕಾಕಾ ಮೊದಲ ಸಲ ದವಾಖಾನೆಗೆ ಬಂದದ್ದು ಹೋಳಿಹುಣ್ಣಿಮೆ ಮುಗಿದ ವಾರ. ಐವತ್ತೈದರ ಆಸುಪಾಸಿನ ಆಳು, ಹಣೆಯ ಮೇಲೆ ವಿಭೂತಿ, ಬೆರಳ ತುದಿಗೆಲ್ಲ ಕೆಂಪು ಬಣ್ಣ. ಹೆಗಲ ವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಸಾಲಿನ ಕೊನೆಯಲ್ಲಿ ಕೂತಿದ್ದರು. ನೂಲಿನ ಗಂಟಿರಬೇಕು ಎಂದುಕೊಂಡೆ. ಸರದಿ ಬಂದು ಮೇಜಿನ ಮೇಲೆ ಬಿಚ್ಚಿದರೆ ಒಳಗೆ ಎರಡೂವರೆ ತಿಂಗಳ ಹೆಣ್ಣುಕೂಸು. ಅಳಲು ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ತೊಡೆಯ ಚರ್ಮ ಮುದುಕಿಯರ ತೋಳಿನಂತೆ ಜೋತಿತ್ತು.

"ಮಗಳ ಕೂಸ್ರಿ ಬಾಯಾರ. ಹಡದ ಹನ್ನೆಲ್ಡನೇ ದಿನಕ್ಕ ಮಗಳು ಹ್ವಾದ್ಲು. ಇದಕ್ಕ ಯಾವ ಹಾಲೂ ನಿಲ್ಲವಲ್ದು," ಎಂದರು.

ಆಕಳ ಹಾಲು ಆಗಿತ್ತು, ಎಮ್ಮೆಯದಾಗಿತ್ತು, ಆಡಿನದೂ ಆಗಿತ್ತು. ಕುಡಿದ ಅರ್ಧ ಗಂಟೆಗೆ ವಾಂತಿ, ಇಲ್ಲದಿದ್ದರೆ ನೀರಿನಂಥ ಭೇದಿ. ಓಣಿಯ ಬಾಣಂತಿಯೊಬ್ಬಳು ಎಂಟು ದಿನ ಮೊಲೆಯೂಡಿಸಿದ್ದಳು. ತನ್ನ ಮೊಮ್ಮಗ ಸೊರಗಿದ ಎಂದು ಅವಳ ಅತ್ತೆ ಬಿಡಿಸಿದಳು. ಕೂಸಿನ ತಂದೆ ಹುನಗುಂದದ ಕಡೆಯವನು. ಹೆಂಡತಿಯ ದಿನಕರ್ಮ ಮುಗಿಸಿ ಹೋದವನು ಇತ್ತ ಮುಖ ಹಾಕಿರಲಿಲ್ಲ. ಕಾಕಾನ ಹೆಂಡತಿ ತೀರಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಅವರು, ವಿಧವೆಯಾದ ಅವರ ಅಕ್ಕ, ಕಾಲಿಳಿಸಿ ಕೂರುವ ಒಂದು ಕುಣಿಮಗ್ಗ ಮತ್ತು ಈ ಕೂಸು.

ನಾನು ಡಬ್ಬಿಯ ಹಾಲಿನ ಪುಡಿ ಕೊಟ್ಟು, ನೀರು ಹೇಗೆ ಕಾಯಿಸಬೇಕೆಂದು ಪಾಠ ಹೇಳಿ ಕಳಿಸಿದೆ. ಮೂರನೆಯ ದಿನ ಬಂದು ಬಾಗಿಲಲ್ಲೇ ನಿಂತರು.

"ನಿಲ್ಲಲಿಲ್ರಿ."

ಪುಡಿಗೆ ನೀರು ಹೆಚ್ಚು ಮಾಡಿ ಎಂದೆ. ನಿಲ್ಲಲಿಲ್ಲ. ಬೇರೆ ಡಬ್ಬಿ ತರಿಸಿದೆ. ಅದೂ ನಿಲ್ಲಲಿಲ್ಲ. ಅಕ್ಕಿಯ ತಿಳಿ ಎಂದೆ. ಅದು ನಿಂತಿತು, ಆದರೆ ತಿಳಿನೀರಿಗೆ ಎಷ್ಟು ದಿನ ಜೀವ ಹಿಡಿದೀತು? ಆ ದಿನಗಳಲ್ಲಿ ಬೆಳಿಗ್ಗೆ ಎಚ್ಚರವಾದ ಮೇಲೂ, ಅದೇ ಓಣಿಯಲ್ಲಿದ್ದ ಅವರ ಮನೆಯ ಕಡೆ ಕಿವಿ ಇಟ್ಟು ಮಲಗಿರುತ್ತಿದ್ದೆ. ಅಳುವ ದನಿ ಕೇಳಿದರೆ, ಇನ್ನೂ ಇದೆ ಎಂದು ಏಳುತ್ತಿದ್ದೆ.

ಕುಸುಬಿಯ ಹಾಲಿನ ವಿಚಾರ ಬಂದದ್ದು ಅವರ ಅಕ್ಕನಿಂದ. ನಮ್ಮ ಕಡೆ ಕುಸುಬಿ ಕಾಳು ನೆನೆಸಿ, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಗೋಧಿಯ ಹುಗ್ಗಿ ಮಾಡುತ್ತಾರೆ. ಹಾಗೆ ಹುಗ್ಗಿಗೆಂದು ಹಾಲು ಹಿಂಡುತ್ತಿದ್ದವಳು, "ಇದೂ ಹಾಲ ಅಲ್ಲೇನೋ?" ಎಂದಳಂತೆ. ಕಾಕಾ ಹಿಂದೆಮುಂದೆ ನೋಡದೆ ಕೂಸಿಗೆ ಎರಡು ಚಮಚೆ ಕುಡಿಸಿದರು. ಹೊಟ್ಟೆ ಕಿತ್ತುಕೊಂಡು ಹೋಯಿತು. ನನಗೆ ಗೊತ್ತಾಗಿ ಅವರ ಅಂಗಳದಲ್ಲಿ ನಿಂತು ಒದರಾಡಿದೆ.

"ಕುಸುಬಿ ಹೊಟ್ಟಿ ಸಡಲ ಮಾಡ್ತೈತಿ ಅನ್ನೂದು ಗೊತ್ತಿಲ್ಲೇನ್ರಿ ನಿಮಗ? ಕೂಸಿನ್ನ ಕೊಲ್ಲಾಕ ಹೊಂಟೀರೇನು?"

"ಕೊಲ್ಲಾಕ ನಾ ಯಾಕ ಬೇಕ್ರಿ ಬಾಯಾರ, ಹಸಿವು ಐತೆಲ್ಲ," ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆಮೇಲೆ, "ಕುಸುಬಿಯಾಗ ಹಾಲು ಬರ್ತೈತಿ ಅಂದ್ರ ಶೇಂಗಾದಾಗೂ ಬರಬೇಕಲ್ರಿ?" ಎಂದು ನನ್ನನ್ನೇ ಕೇಳಿದರು.

ಶೇಂಗಾ ಪಿತ್ತ, ಶೇಂಗಾ ಕೆಮ್ಮು, ಎಳೆಗೂಸಿಗೆ ಶೇಂಗಾ ಅಂದರೆ ಕೇಳಿದವರು ನಗುತ್ತಾರೆ ಎಂದೆಲ್ಲ ನಾನು ಹೇಳಿದೆ. ವಾರಕ್ಕೊಮ್ಮೆ ಬರುವ ಡಾಕ್ಟರರಿಗೆ ದೂರನ್ನೂ ಒಪ್ಪಿಸಿದೆ. ಅವರು ಕೂಸಿನ ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ನಿಲ್ತೈತಿ ಅಂದ್ರ ಕೊಡ್ರಿ. ಕೊಡಾಕ ಮತ್ತೇನು ಉಳದೈತಿ?" ಎಂದು ಕೈ ತೊಳೆಯಲು ಹೋದರು. ಕೂಸಿನ ಆಸೆ ಬಿಟ್ಟ ಮಾತು ಅದು ಎಂದು ನನಗೆ ತಿಳಿಯಿತು. ಕಾಕಾ ಮಾತ್ರ ಅದನ್ನು ಅಪ್ಪಣೆ ಎಂದುಕೊಂಡರು.

ಮರುದಿನ ಏನೂ ಸುದ್ದಿಯಿಲ್ಲ. ಅದರ ಮರುದಿನ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ನಿಂತೈತ್ರಿ," ಎಂದರು. ಅಷ್ಟೇ ಹೇಳಲು ಬಂದಿದ್ದರು. ಹೇಳಿ ಹೋದರು.

ಆಮೇಲೆ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅದೇ. ಬಾಗಿಲಿಗೆ ಬಂದು "ನಿಂತೈತ್ರಿ" ಎಂದು ಹೇಳಿ ಮಗ್ಗಕ್ಕೆ ಹೋಗುವುದು. ಯಾವತ್ತಾದರೂ ಹತ್ತು ನಿಮಿಷ ತಡವಾದರೆ ನನ್ನ ಕೈ ಕೆಲಸದಲ್ಲಿ ನಿಲ್ಲುತ್ತಿರಲಿಲ್ಲ.

ಆ ಹಾಲು ಮಾಡುವುದನ್ನು ನೋಡಬೇಕಿತ್ತು. ಸಂಜೆ ಶೇಂಗಾ ಆರಿಸಲು ಕೂರುತ್ತಿದ್ದರು. ಸುಕ್ಕಾದದ್ದು, ಕಪ್ಪು ಚುಕ್ಕೆಯದು, ಮುರಿದದ್ದು ಎಲ್ಲ ಬದಿಗೆ. ಪೇಟೆಯಲ್ಲಿ ಕೊಳ್ಳುವಾಗ ಚೀಲದ ಬಾಯಿ, ನಡು, ತಳ ಮೂರೂ ಕಡೆಯ ಕಾಳು ಕಚ್ಚಿ ನೋಡದೆ ತಂದವರಲ್ಲ, ಅಂಗಡಿಯವನು "ಏನಪಾ, ಊಟಾನ ಇಲ್ಲೇ ಮುಗಿಸಿ ಹೊಂಟಿ ಏನು?" ಎಂದು ಗೊಣಗುತ್ತಿದ್ದ. ಆರಿಸಿದ ಕಾಳು ರಾತ್ರಿಯೆಲ್ಲ ನೀರಲ್ಲಿ. ನಸುಕಿಗೆ ಎದ್ದು ಒಂದೊಂದೇ ಕಾಳಿನ ಸಿಪ್ಪೆ ಸುಲಿದು ಒರಳಿಗೆ ಹಾಕುತ್ತಿದ್ದರು. ಹಿಡಿ ಕಾಳಿಗೆ ಮುಕ್ಕಾಲು ಗಂಟೆ ಗುಂಡು ತಿರುವುವುದು; ಬೆಣ್ಣೆಯಾಗಬೇಕು, ತರಿ ಉಳಿಯಬಾರದು. ಅಕ್ಕ ತಿರುವಲು ಬಂದರೆ ಬಿಡುತ್ತಿರಲಿಲ್ಲ. "ನಿನ್ನ ಕೈ ಚಟ್ನಿ ಕೈ," ಎನ್ನುತ್ತಿದ್ದರು. ಆಮೇಲೆ ನೀರು ಬೆರೆಸಿ, ಹಿಂಡಿ, ಸೋಸಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಕಾಯಿಸುವುದು. ಹಸಿ ವಾಸನೆ ಹೋಗುವವರೆಗೂ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಸೋಸುವ ಬಟ್ಟೆಯದೇ ಒಂದು ಕಥೆ. ಪೇಟೆಯ ಬಟ್ಟೆಗೆಲ್ಲ ಗಂಜಿ ಇರುತ್ತದೆ, ಯಾವ ಗಂಜಿಯೋ ಏನೋ ಎಂದು ಅವರಿಗೆ ಅನುಮಾನ. ಬಣ್ಣ ಕಾಣದ ಬಿಳಿನೂಲು ತೆಗೆದುಕೊಂಡು, ಗಂಜಿ ಹಚ್ಚದೆ ತಾವೇ ಒಂದು ಮೊಳ ನೇಯ್ದರು. ಗಂಜಿ ಕುಡಿಯದ ಹಾಸಿನ ಎಳೆ, ಅಂದರೆ ಉದ್ದಕ್ಕೆ ಬಿಗಿದ ನೂಲು, ಮಗ್ಗದ ಮೇಲೆ ತಡೆಯುವುದಿಲ್ಲ, ಹೆಜ್ಜೆಹೆಜ್ಜೆಗೆ ಹರಿಯುತ್ತದೆ. ದಿನಕ್ಕೆ ಅರ್ಧ ಸೀರೆ ನೇಯುವ ಕೈ ಆ ಒಂದು ಮೊಳಕ್ಕೆ ಎರಡು ದಿನ ತೆಗೆದುಕೊಂಡಿತು. "ಪತ್ತಲ ಸೀರಿಯಾಗೂ ಇಷ್ಟ ಗಂಟ ಹಾಕಿಲ್ಲ ನಾ," ಎಂದು ತೋರಿಸಿದರು. ಇಡೀ ಬಟ್ಟೆಯ ತುಂಬ ಗಂಟು. ಹಾಲು ಮಾತ್ರ ಅದರಿಂದ ಹನಿಹನಿಯಾಗಿ, ತರಿಯಿಲ್ಲದೆ ಇಳಿಯುತ್ತಿತ್ತು.

ಹಾಲಿನ ಹದ ನೋಡುವುದು ಮಗ್ಗದ ಗಂಜಿ ನೋಡಿದ ಹಾಗೆ. ಒಂದು ಹನಿ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ನಲವತ್ತು ವರ್ಷ ಜೋಳದ ಗಂಜಿ ಕಾಯಿಸಿ ಮೂಸಿದ ಮೂಗು ಅದು. ಹಿಂದಿನ ದಿನದ ಗಂಜಿ ತುಸು ಹುಳಿ ಬಂದರೇನೇ ಎಳೆಗೆ ಚೆನ್ನಾಗಿ ಹಿಡಿಯುತ್ತದೆ ಎಂದು ನನಗೆ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ನನಗೇನು, ಅದು ಮಗ್ಗದ ಮಾತು.

ಗಂಡಸು ಒರಳಿನ ಮುಂದೆ ಕೂತದ್ದು ಚಹಾದಂಗಡಿಯವರಿಗೆ ಹಬ್ಬವಾಯಿತು. ಒಬ್ಬ ಕೇಳಿದ, "ಕಾಕಾ, ಶೇಂಗಾಕ್ಕ ಕೆಚ್ಚಲ ಎಲ್ಲಿ ಇರ್ತೈತ್ರಿ?"

"ನಿಮ್ಮ ಎಮ್ಮಿಗಿದ್ದಲ್ಲೇ ಇರ್ತೈತಿ. ಆದ್ರ ಇದು ಒದಿಯಂಗಿಲ್ಲ."

ಅಂದಿನಿಂದ ಶೇಂಗಾ ಹಾಲಿನ ಕಾಕಾ ಎಂಬ ಹೆಸರು ಅಂಟಿತು. ಅವರಿಗೆ ಬೇಸರವಿರಲಿಲ್ಲ. ತೊಟ್ಟಿಲ ಹಗ್ಗವನ್ನು ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಗೆ ಕಟ್ಟಿದ್ದರು. ಮಗ್ಗ ನಡೆದರೆ ತೊಟ್ಟಿಲೂ ತೂಗುತ್ತಿತ್ತು. ಎಳೆ ಹರಿದು ಮಗ್ಗ ನಿಂತರೆ ಕೂಸು ಅಳುತ್ತಿತ್ತು. "ಮಾಲಕ್ರು ಬಂದಾರ ನೋಡ್ರಿ, ಕೆಲಸ ನಿಲ್ಲಿಸಿದ್ರ ಒದರ್ತಾರ," ಎನ್ನುತ್ತಿದ್ದರು.

ಇಷ್ಟು ಬರೆದು ನೋಡಿದರೆ ಎಲ್ಲ ಚೆನ್ನಾಗಿಯೇ ಇತ್ತು ಅನ್ನಿಸುತ್ತದೆ. ಚೆನ್ನಾಗಿರಲಿಲ್ಲ. ಒಂದು ವಾರ ತೂಕ ಏರಿದರೆ ಮುಂದಿನ ವಾರ ಇಳಿಯುತ್ತಿತ್ತು. ಒಮ್ಮೆ ಬಾಯಿಹುಣ್ಣಾಗಿ ಮೂರು ದಿನ ಕುಡಿಯಲೇ ಇಲ್ಲ. ಆ ಮೂರು ದಿನ ಕಾಕಾ ಹತ್ತಿಯ ಬತ್ತಿ ಹಾಲಲ್ಲಿ ಅದ್ದಿ ಹನಿಹನಿ ಹಿಂಡುತ್ತ ಕೂತವರು ಮಗ್ಗಕ್ಕೆ ಇಳಿಯಲಿಲ್ಲ, ಗಡ್ಡ ಕೆರೆಯಲಿಲ್ಲ. ನಾನು ಹೋದಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಎದುರಿಗಿದ್ದವರು ನಂಬಿಕೆಯಿಂದ ನೋಡುವಾಗ ಎಷ್ಟು ಭಯವಾಗುತ್ತದೆ ಎಂದು ನಾನು ಕಲಿತದ್ದು ಆ ಮನೆಯಲ್ಲಿ. ಕಲಿತದ್ದು ಸಾಲಲಿಲ್ಲ.

ಶ್ರಾವಣ ಬಂತು. ಕೂಸಿಗೆ ಕೆಳಗಿನ ಎರಡು ಹಲ್ಲು ಮೂಡಿದ್ದವು. ಕೂರಿಸಿದರೆ ಒಂದು ಗಳಿಗೆ ಕೂತು ಮಗ್ಗುಲಿಗೆ ಬೀಳುತ್ತಿತ್ತು. ನಾವು ಮೂವರೂ ಮೊದಲ ಸಲ ಸ್ವಲ್ಪ ಉಸಿರು ಬಿಟ್ಟಿದ್ದೆವು.

ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗದೆ ಇರುವುದಿಲ್ಲ. ಜೋಕಾಲಿ, ಉಂಡಿ, ಗೆಳತಿಯರು. ನಾನೂ ಬ್ಯಾಗು ತುಂಬಿ ಪಂಚಮಿಯ ಹಿಂದಿನ ಚೌತಿಯ ದಿನ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೆ. ಖೋಲಿಯ ಬೀಗ ಹಾಕುತ್ತಿರುವಾಗ ಕಾಕಾ ಬಂದರು.

ಪಂಚಮಿಯ ದಿನ ಹೆಂಚು ಒಲೆಗೇರುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ, ಒರಳು ತಿರುಗುವುದಿಲ್ಲ. ಗುಂಡಿನ ಕೆಳಗೆ ನಾಗಪ್ಪನ ಮರಿ ಸಿಕ್ಕೀತು ಎಂಬ ಅಂಜಿಕೆ. ಅವರ ಅಕ್ಕ ಆಗಲೇ ಒರಳಿಗೆ ಅರಿಷಿಣ ಕುಂಕುಮ ಹಚ್ಚಿ ಗುಂಡನ್ನು ಮಲಗಿಸಿಬಿಟ್ಟಿದ್ದಳು. ತಾಯಿಯನ್ನು ನುಂಗಿದ ಕೂಸಿನ ಮನೆಯಲ್ಲಿ ನಾಗಪ್ಪನ ಶಾಪವೊಂದು ಬೇರೆ ಬೇಡ ಎಂದು ಅತ್ತಳಂತೆ.

"ಬಾಯಾರ, ಇವತ್ತ ಸಂಜಿಮುಂದ ಜಾಸ್ತಿ ತಗದು ಕಾಯಿಸಿ ಇಟ್ಟು, ನಾಳೆ ಇಡೀ ದಿನ ಅದನ್ನ ಕೊಟ್ರ ನಡಿತೈತೇನ್ರಿ?"

ಬಸ್ಸು ದಿನಕ್ಕೆ ಒಂದೇ. ಬೀಗ ಸರಿಯಾಗಿ ಬೀಳುತ್ತಿರಲಿಲ್ಲ. ನಾನು ಬೀಗದ ಜತೆ ಗುದ್ದಾಡುತ್ತ, "ನಡಿತೈತ್ರಿ ಕಾಕಾ. ಒಂದಿನಕ್ಕ ಏನಾಗ್ತೈತಿ? ತಣ್ಣೀರಾಗ ಇಡ್ರಿ ಚರಗಿ," ಎಂದೆ.

ನನಗೆ ಗೊತ್ತಿರಲಿಲ್ಲ. ಆಕಳ ಹಾಲಿನ ಬಗ್ಗೆ ಗೊತ್ತಿದ್ದದ್ದನ್ನು ಶೇಂಗಾ ಹಾಲಿಗೆ ಹೊಂದಿಸಿ ಹೇಳಿಬಿಟ್ಟೆ. ಶ್ರಾವಣದ ಮೋಡ, ಬೆವರು ಆರದ ಸೆಕೆ, ಆ ಹಾಲು ಎಷ್ಟು ಬೇಗ ಕೆಡುತ್ತದೆ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ಬೀಗ ಬಿತ್ತು. ಓಡಿ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು.

ಬದಾಮಿಯಲ್ಲಿ ಜೋಕಾಲಿ ಜೀಕಿದೆ. ಒಂದು ದಿನ ರಜೆ ಹೆಚ್ಚೂ ಮಾಡಿದೆ. ಬೆಳಗಿನ ಹೊತ್ತು ತಿರುಗಿ ಬಂದಾಗ ನನ್ನ ಬಾಗಿಲಲ್ಲಿ ಅವರ ಅಕ್ಕ ಕೂತಿದ್ದಳು. "ಎಷ್ಟ ಸಲ ಬಂದು ಹ್ವಾದ್ನವ್ವಾ ನಿನ್ನ ಬಾಗಲಕ್ಕ," ಎಂದು ನನ್ನ ಕೈ ಹಿಡಿದು ಮನೆಗೆ ಎಳೆದೊಯ್ದಳು. ಪೇಟೆಯ ಡಾಕ್ಟರೂ ಹಬ್ಬಕ್ಕೆ ಊರಿಗೆ ಹೋಗಿದ್ದರು.

ಕೂಸಿನ ಕಣ್ಣು ಒಳಗೆ ಇಳಿದಿದ್ದವು. ನೆತ್ತಿ ತಗ್ಗಾಗಿತ್ತು. ಭೇದಿ ಹೆಚ್ಚಾದೀತೆಂದು ನೀರು ಕೊಡುವುದನ್ನೂ ನಿಲ್ಲಿಸಿದ್ದರು. ಸಕ್ಕರೆ ಉಪ್ಪಿನ ನೀರು ಕಲಸಿ ಚಮಚೆಯಿಂದ ಹಾಕಿದೆ. ಕಟವಾಯಿಯಿಂದ ಹೊರಗೆ ಬಂತು. ಮೂಲೆಯಲ್ಲಿ ಚರಿಗೆ ಇನ್ನೂ ನೀರಿನ ಪರಾತದಲ್ಲೇ ಇತ್ತು. ಮುಚ್ಚಳ ತೆಗೆದರೆ ಹುಳಿ ಗಮಟು.

"ಮೂಸಿ ನೋಡಲಿಲ್ಲೇನ್ರಿ?" ಎಂದು ಕೇಳಿದೆ. ಕೇಳುವ ಮುಖ ನನಗಿತ್ತು ನೋಡಿ.

"ನೋಡಿದ್ನಿರಿ. ಒಂಚೂರ ಹುಳಿ ಬಂದಿತ್ತು," ಎಂದರು ಕಾಕಾ. "ಹದಾ ಬಂದೈತಿ ಅಂದ್ಕೊಂಡ್ನಿ."

ಬಾಗಲಕೋಟೆಗೆ ಒಯ್ಯಬೇಕು, ಸಲಾಯಿನ್ ಹಚ್ಚಿದರೆ ಉಳಿದೀತು ಎಂದೆ. ಹತ್ತು ಗಂಟೆಯ ಬಸ್ಸು ಹಿಡಿದೆವು. ಕಾಕಾ ಕೂಸನ್ನು ಅದೇ ಹೆಗಲ ವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದಿದ್ದರು. ನಾನು ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ಚಮಚೆ ಚಮಚೆ ಹಾಕುತ್ತ ಹೋದೆ. ಹುನಗುಂದದಲ್ಲಿ ಬಸ್ಸು ಒಂದು ಗಂಟೆ ನಿಂತ ಹಾಗೆ ಅನ್ನಿಸಿತು. ಕಂಡಕ್ಟರ್ ಚಹಾ ಕುಡಿದು ಬಂದದ್ದು ಐದೇ ನಿಮಿಷ ಇರಬೇಕು. ದೇವರೇ, ಇದೊಂದು ಸಲ, ಇದೊಂದೇ ಸಲ ಎಂದು ಮನಸ್ಸಿನಲ್ಲಿ ಬೇಡುತ್ತಿದ್ದೆ. ಕೂಸಿಗಾಗಿ ಬೇಡುತ್ತಿದ್ದೆನೋ ನನಗಾಗಿಯೋ, ಹೇಳಲಾರೆ.

ಕಮತಗಿ ದಾಟಿದ ಮೇಲೆ ಕಾಕಾ ನನ್ನ ಕಡೆ ತಿರುಗಿ, "ಬಾಯಾರ, ಒಂಚೂರ ನೋಡ್ರಿ," ಎಂದರು. ವಸ್ತ್ರ ಸರಿಸಿ ಕೈ ಹಿಡಿದೆ. ಎದೆಯ ಮೇಲೆ ಕಿವಿ ಇಟ್ಟೆ. ಬಸ್ಸಿನ ಸದ್ದಿನಲ್ಲಿ ಏನೂ ಕೇಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಇಟ್ಟೆ. ಎದ್ದು ಕೂತಾಗ ನನ್ನ ಮುಖ ನೋಡಿದರು. ಅವರಿಗೆ ಮತ್ತೇನೂ ಹೇಳಬೇಕಾಗಲಿಲ್ಲ.

ಬಸ್ಸು ನಿಲ್ಲಿಸಲು ಹೇಳಲೇ ಎಂದು ಕೇಳಿದೆ.

"ಬ್ಯಾಡ್ರಿ. ಬಾಗಲಕೋಟಿಗೆ ಹೋಗೂಣ್ರಿ," ಎಂದರು. "ತಿಕೀಟ ಅಲ್ಲೀತನಕ ತಗದೇವಿ."

ಹೋದೆವು. ಮುಂದಿನ ಸೀಟಿನ ಮುದುಕಿ ತಿರುಗಿ, "ಮಲಗಿತೇನೋ ಯಪ್ಪಾ?" ಎಂದಳು. "ಹೂಂನವ್ವಾ," ಎಂದರು. ಬಾಗಲಕೋಟೆಯಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ಕೂತು, ಇಳಕಲ್ಲಿನ ಬಸ್ಸಿಗೆ ತಿರುಗಿ ಹತ್ತಿದೆವು. ದಾರಿಯುದ್ದಕ್ಕೂ ಕಾಕಾ ವಸ್ತ್ರದ ಮೇಲಿಂದ ಬೆನ್ನು ತಟ್ಟುತ್ತಲೇ ಇದ್ದರು. ನಾನು ತಡೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿ ಸೇರಿತು. ಅಕ್ಕ ಎದೆ ಬಡಿದುಕೊಂಡು, "ಹಬ್ಬ ಹಬ್ಬ ಅಂತ ನಾನ ಕೊಂದ್ನೋ," ಎಂದು ಅತ್ತಳು. ಕಾಕಾ ಅವಳ ಕೈ ಹಿಡಿದು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, "ನಿಂದೇನೂ ಇಲ್ಲ. ಮೂಗು ನಂದು," ಎಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ತೆರೆದರೆ ಒಂದೇ ಮಾತು. ತೆರೆಯಲಿಲ್ಲ. ಬಿಳಿ ಸೀರೆಗೆ ಜನ ಕಾಲು ಕೆಳಗಿಳಿಸುವುದನ್ನು ಬಿಟ್ಟಾರು ಎಂಬ ಹೆದರಿಕೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಅವರು ಬೆಳಿಗ್ಗೆ ದವಾಖಾನೆಯ ಕಡೆ ಬರುವುದು ನಿಂತಿತು. ದೀಪಾವಳಿ ದಾಟಿದ ಮೇಲೆ ಅವಳಿ ಹಡೆದವಳೊಬ್ಬಳು ಹಾಲು ಸಾಲದೆ ಅಳುತ್ತಿದ್ದಾಳೆ ಎಂದು ಕೇಳಿ ತಾವಾಗಿಯೇ ಹೋಗಿ ಶೇಂಗಾ ಹಾಲು ಮಾಡುವುದನ್ನು ಕಲಿಸಿಕೊಟ್ಟು ಬಂದರು. ಆಮೇಲೆ ಇನ್ನೊಬ್ಬಳಿಗೆ. ಒಂದು ಮಾತು ಮಾತ್ರ ಹೇಳಿಯೇ ಏಳುತ್ತಿದ್ದರಂತೆ: "ಹಬ್ಬ ಇರ್ಲಿ, ಹೆಣ ಬಿದ್ದಿರ್ಲಿ, ಇವತ್ತಿಂದು ಇವತ್ತ." ಚೇಷ್ಟೆಯ ಹೆಸರಿನಲ್ಲಿ ಚೇಷ್ಟೆ ಉಳಿಯಲಿಲ್ಲ. ಮೊನ್ನೆ ಬಂದ ಹೆಣ್ಣುಮಗಳು ಆ ಹೆಸರನ್ನು ಎಷ್ಟು ಗೌರವದಿಂದ ಹೇಳಿದಳೆಂದರೆ ಅದು ಗೇಲಿಯಾಗಿ ಹುಟ್ಟಿದ್ದು ಎಂದು ಅವಳಿಗೆ ತಿಳಿದಂತಿರಲಿಲ್ಲ.

ಮರುವರ್ಷ ಪಂಚಮಿಗೆ ನಾನು ಬದಾಮಿಗೆ ಹೋಗಲಿಲ್ಲ. ಅವ್ವ ಎರಡು ಕಾಗದ ಬರೆದಳು. ದವಾಖಾನೆಗೆ ಸೂಟಿ ಇಲ್ಲ, ರಜೆ ಸಿಗಲಿಲ್ಲ ಎಂದು ಸುಳ್ಳು ಬರೆದೆ. ಬೆಳಿಗ್ಗೆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಹೆಂಗಸರು ಹೊಸ ಸೀರೆ ಉಟ್ಟು, ನಾಗಪ್ಪನಿಗೆ ಎರೆಯಲು ಹಾಲಿನ ತಂಬಿಗೆ ಹಿಡಿದು ಹೊರಟಿದ್ದರು. ಅಷ್ಟರಲ್ಲಿ ಒರಳು ತಿರುಗುವ ಸಪ್ಪಳ ಕೇಳಿತು. ಹೊರಟವರು ನಿಂತರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಪ್ಪಳ ಕಾಕಾನ ಮನೆಯಿಂದ. ಅವರ ಅಕ್ಕ ಹೊರಗೆ ಕಟ್ಟೆಯ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡು ಒಳಗೆ ಹೋಗು ಎಂಬಂತೆ ಕೈ ಮಾಡಿದಳು.

ಕಾಕಾ ಒರಳಿನ ಮುಂದೆ ಕೂತು ಗುಂಡು ತಿರುವುತ್ತಿದ್ದರು. ಸುಲಿದ ಶೇಂಗಾ ಅರ್ಧ ನುಣ್ಣಗಾಗಿತ್ತು. ಸೋಸುವ ಬಟ್ಟೆ ತೊಳೆದು ಪಕ್ಕದಲ್ಲಿ ಹರವಿದ್ದರು. ಆ ದಿನಗಳಲ್ಲಿ ಓಣಿಯಲ್ಲಿ ಹಾಲಿಲ್ಲದ ಕೂಸು ಯಾವುದೂ ಇರಲಿಲ್ಲ. ಇದ್ದಿದ್ದರೆ ಮೊದಲು ನನಗೆ ತಿಳಿಯುತ್ತಿತ್ತು.

"ಯಾರಿಗೆ ಕಾಕಾ?" ಎಂದೆ.

"ಯಾರಿಗೂ ಅಲ್ರಿ. ಹ್ವಾದ ವರ್ಷ ಇವತ್ತ ತಿರುವಬೇಕಿತ್ತು."

ಎದುರಿಗೆ ಕೂತೆ. ವರ್ಷವಿಡೀ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ.

"ಕಾಕಾ, ನಡಿತೈತಿ ಅಂದಾಕಿ ನಾನು. ಬಸ್ಸಿನ ಗಡಿಬಿಡಿಯಾಗ ಅಂದ್ನಿ. ನನಗ ಗೊತ್ತಿರಲಿಲ್ರಿ."

ಗುಂಡು ನಿಲ್ಲಲಿಲ್ಲ.

"ನಿಮಗ ಗೊತ್ತಿಲ್ಲ ಅನ್ನೂದು ನನಗ ಅವತ್ತ ಗೊತ್ತಾಗಿತ್ರಿ," ಎಂದರು. "ನೀವು ನನ್ನ ಮಾರಿ ನೋಡದ ಹೇಳಿದ್ರಿ."

"ಮತ್ತ ಯಾಕ ಕೇಳಿದ್ರಿ ನನ್ನ ಮಾತು?"

ಕಾಕಾ ಗುಂಡು ನಿಲ್ಲಿಸಿದರು. ಒರಳಿನ ಅಂಚಿಗೆ ಹತ್ತಿದ್ದ ಹಿಟ್ಟನ್ನು ಬೆರಳಿನಿಂದ ಒಳಗೆ ಬಳಿದರು. ಆಮೇಲೆ ಮೊದಲ ಸಲ ನನ್ನನ್ನು ಬಾಯಾರ ಎನ್ನದೆ, ಮಗಳನ್ನು ಕರೆಯುವ ಹಾಗೆ ಕರೆದರು.

"ನಾಕ ತಿಂಗಳಾಗಿತ್ತಲ್ಲ ಯವ್ವಾ. ಒಂದಿನ ಈ ಕೈಗೆ ಸೂಟಿ ಬೇಕನ್ನಿಸಿತ್ತು."